ಸೈಟ್ ನಂಬರ್ 27ರ ಯಜಮಾನರಿಗೆ



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗಡಿಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ 27 ಎಂದು ಬರೆದಿರುವುದಷ್ಟೇ ಗೊತ್ತು. ನಮ್ಮ ಗದ್ದೆಬಯಲಲ್ಲಿ ಈಗ ಅಂಥ 42 ನಂಬರುಗಳಿವೆ. ಹಳ್ಳದ ಮಗ್ಗುಲಿಗೆ, ಬಯಲು ತಗ್ಗಾಗುವ ಕಡೆ ಇರುವುದು ನಿಮ್ಮದು. ದಿನಾ ಬೆಳಿಗ್ಗೆ ಬೆಳ್ಳಕ್ಕಿಯೊಂದು ಅದರ ಮೇಲೆ ಬಂದು ಕೂರುತ್ತದೆ, ನಿಮ್ಮ ಪರವಾಗಿ ಸ್ವಾಧೀನ ತೆಗೆದುಕೊಂಡವರ ಹಾಗೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಗುಂಟೆಯ ದರ ಏರುತ್ತದೆ. ಕುಮಟಾ ತಾಲೂಕು, ಅಘನಾಶಿನಿಯ ಹೊಳೆಸಾಲು ಎಂದರೆ ಸಾಕು. ಹೊನ್ನಾವರದ ಹಳದೀಪುರ, ಕರ್ಕಿ ಕಡೆಯವರೋ ಭಟ್ಕಳದ ಶಿರಾಲಿ, ಹೆಬಳೆ ಕಡೆಯವರೋ ಇದನ್ನು ಓದಿ ತಮ್ಮೂರಿನದೇ ಕಾಗದ ಎಂದುಕೊಂಡರೆ ನಾನು ತಕರಾರು ಮಾಡುವುದಿಲ್ಲ.

ತಕರಾರು ಎಂದಾಗ ನೆನಪಾಯಿತು. ನಮ್ಮೂರಿನವರು ನಿಮ್ಮ ಲೇಔಟಿಗೆ ವಿರೋಧ ಮಾಡುತ್ತಿದ್ದಾರೆಂಬ ಸುದ್ದಿ ನಿಮ್ಮ ತನಕ ಬಂದಿರಬಹುದು. ನಿಜ. ತಕರಾರು ಅರ್ಜಿಗೆ 63 ಸಹಿ ಬಿದ್ದಿದೆ, ಹನ್ನೊಂದನೆಯದು ನನ್ನದು. ಆದರೆ ನೆರೆಯವರಾಗಿ ಬರುವವರಿಗೆ ಅರ್ಜಿಯ ಮೂಲಕ ಪರಿಚಯವಾಗುವುದು ನಮ್ಮ ಕಡೆಯ ಪದ್ಧತಿಯಲ್ಲ. ಬಂದವರಿಗೆ ಮೊದಲು ನೀರು-ಬೆಲ್ಲ ಕೊಡಬೇಕು. ಬೆಲ್ಲವನ್ನು ಕಾಗದದಲ್ಲಿ ಕಳಿಸಲಾಗದು. ನೀರಿನ ಸಂಗತಿಯನ್ನಾದರೂ ಹೇಳುತ್ತೇನೆ.

ನಿಮಗೆ ಕೊಟ್ಟ ಬಣ್ಣದ ಹಾಳೆಯನ್ನು ನಾನೂ ನೋಡಿದೆ. ಚೆಂದವಾಗಿದೆ. ಲೇಔಟಿನ ಹೆಸರಲ್ಲಿ ಹಸಿರಿದೆ, ಕಣಿವೆಯಿದೆ, ಎರಡೂ ಇಂಗ್ಲಿಷಿನಲ್ಲಿ. ಹೆದ್ದಾರಿಗೆ 5 ನಿಮಿಷ, ಕಡಲಿಗೆ 10 ನಿಮಿಷ, ಕೊಂಕಣ ರೈಲ್ವೆ ಸ್ಟೇಷನ್ನಿಗೆ 15 ನಿಮಿಷ ಎಂದು ಬರೆದಿದ್ದಾರೆ. ನೀರಿಗೆ ಎಷ್ಟು ನಿಮಿಷ ಎಂದು ಬರೆದಿಲ್ಲ. ಅಲ್ಲಿಗೆ ನೀವು ಹೋಗಬೇಕಾಗಿಯೇ ಇಲ್ಲವಲ್ಲ, ಅದಕ್ಕೇ ಇರಬೇಕು. ಅಘನಾಶಿನಿ ಅಳಿವೆಗೆ ರಾಮ್ಸರ್ ಪಟ್ಟ ಸಿಕ್ಕಿದ್ದನ್ನೂ ಮರೆಯದೆ ಹಾಕಿದ್ದಾರೆ. 1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ದೇಶಗಳು ಕೂಡಿ ಜೌಗುಭೂಮಿ ಉಳಿಸುವ ಒಪ್ಪಂದ ಮಾಡಿಕೊಂಡವು. 2024ರ ಜನವರಿಯಲ್ಲಿ ನಮ್ಮ ಅಳಿವೆಯ 4801 ಹೆಕ್ಟೇರ್ ಆ ಪಟ್ಟಿ ಸೇರಿತು. ಜೌಗು ತುಂಬಬಾರದೆಂದು ಕೊಟ್ಟ ಬಿರುದು ಜೌಗು ತುಂಬುವವರ ಜಾಹೀರಾತಿಗೆ ಇಷ್ಟು ಚೆನ್ನಾಗಿ ಒದಗಿಬಂದೀತೆಂದು ಪಾಪ, ರಾಮ್ಸರಿನಲ್ಲಿ ಕೂತವರು ಎಣಿಸಿರಲಾರರು.

ಹಾಳೆಯಲ್ಲಿ ಒಂದೇ ಒಂದು ಪದ ನನಗೆ ತಿಳಿಯಲಿಲ್ಲ. ‘ಖಾಲಿ ನಿವೇಶನ’ ಎಂದಿದ್ದಾರೆ.

ನಿಮ್ಮ ಕಲ್ಲಿನಿಂದ ಕೆಳಗಡೆಗೆ ಇರುವುದು ಗಜನಿ. ಹೊಳೆಯ ಉಪ್ಪುನೀರು ಉಬ್ಬರಕ್ಕೆ ಏರಿ ಇಳಿತಕ್ಕೆ ಇಳಿಯುವ ತಗ್ಗು ಗದ್ದೆ. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಚೆಲ್ಲುತ್ತಿದ್ದೆವು. ಕಗ್ಗವೆಂದರೆ ಭತ್ತವೇ, ಆದರೆ ಜಾತಿಯಲ್ಲಿ ಹಟಮಾರಿ. ಆಳೆತ್ತರ ಬೆಳೆಯುತ್ತದೆ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದ್ದರೂ ಸಾಯುವುದಿಲ್ಲ, ಉಪ್ಪಿಗೆ ಅಂಜುವುದಿಲ್ಲ, ಗೊಬ್ಬರ ಬೇಡುವುದಿಲ್ಲ. ಕೊಯ್ಲು ಮುಗಿಯಿತೆಂದರೆ ಕಟ್ಟೆಯ ಹಲಗೆ ಬಾಗಿಲು ತೆಗೆದು ಹೊಳೆಯನ್ನು ಒಳಗೆ ಕರೆಯುವುದು. ಕೂಳೆ ಕೊಳೆತದ್ದನ್ನು ತಿಂದು ಸಿಗಡಿ ಬೆಳೆಯುತ್ತದೆ, ಏಡಿ, ಹೊಳೆಮೀನು ಬರುತ್ತವೆ. ಅವು ಹಾಕಿದ ಗೊಬ್ಬರದಲ್ಲಿ ಮುಂದಿನ ವರ್ಷದ ಕಗ್ಗ. ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಮಾಣಿಕಟ್ಟಾದ ಕಡೆ ಈಗಲೂ ಕೆಲವರು ಈ ಹಟ ಬಿಟ್ಟಿಲ್ಲ.

ಮೇಲಿನ ಗದ್ದೆಗೂ ಪುರಸೊತ್ತಿಲ್ಲ. ಭತ್ತದ ಬೆನ್ನಿಗೆ ಉದ್ದೋ ಶೇಂಗಾವೋ ಬರಬೇಕು. ಅಳ್ವೇಕೋಡಿ, ಹಂದಿಗೋಣ, ವನ್ನಳ್ಳಿ ಕಡೆಯ ಮರಳುಮಣ್ಣಿನಲ್ಲಾದರೆ ಸಿಹಿ ಈರುಳ್ಳಿ. ನೀವು ಸೈಟು ನೋಡಲು ಬಂದಾಗ ಹೆದ್ದಾರಿಯ ಪಕ್ಕ ಜಡೆ ಹೆಣೆದು ತೂಗುಹಾಕಿದ್ದ ಈರುಳ್ಳಿ ಗೊಂಚಲನ್ನು ಕೊಂಡೇ ಹೋಗಿರುತ್ತೀರಿ. ಅದು ಬೆಳೆಯುವುದೂ ಇಂಥದೇ ಖಾಲಿ ಜಾಗದಲ್ಲಿ. ಈರುಳ್ಳಿ ಕಿತ್ತಾದ ಮೇಲೆ ಹುಡುಗರ ಟೆನಿಸ್ ಬಾಲ್ ಪಂದ್ಯಾವಳಿ, ಮೈಕಿನಲ್ಲಿ ಕಾಮೆಂಟರಿ. ರಾತ್ರಿಗೆ ಯಕ್ಷಗಾನದ ಆಟ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವನ್ನು ನನ್ನ ಅಪ್ಪ ನೋಡಿದ್ದು ಕೂಳೆಗದ್ದೆಯಲ್ಲಿ ಕಂಬಳಿ ಹೊದ್ದು ಕೂತು. ಬಯಲೇ ಇಲ್ಲದ ಮೇಲೆ ಬಯಲಾಟಕ್ಕೆ ಏನೆನ್ನಬೇಕೋ! ಲೇಔಟಿನಲ್ಲಿ ‘ಕಮ್ಯುನಿಟಿ ಹಾಲ್’ ಬರುತ್ತದಂತೆ. ಆಗಲಿ, ಬಣ್ಣದ ವೇಷ ಒಳಗೆ ಬರುವಷ್ಟು ಅಗಲದ ಬಾಗಿಲಿಡಲು ಹೇಳಿ.

ಇಷ್ಟೆಲ್ಲ ಆಗಿ ಉಳಿದ ಹೊತ್ತಿನಲ್ಲಿ ಗದ್ದೆ ಮಾಡುವ ಕೆಲಸವೆಂದರೆ ನೀರನ್ನು ಕೂರಿಸಿಕೊಳ್ಳುವುದು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ, ಬಹುಪಾಲು ಮೂರು ತಿಂಗಳಲ್ಲಿ. ಒಂದೆಕರೆ ಗದ್ದೆಯಲ್ಲಿ ಒಂದಡಿ ನೀರು ನಿಂತರೆ 12 ಲಕ್ಷ ಲೀಟರಿಗೂ ಹೆಚ್ಚು. ಅದು ನಿಧಾನಕ್ಕೆ ಇಂಗಿ ನಮ್ಮ ಬಾವಿಗಳ ಸಿಹಿನೀರಾಗುತ್ತದೆ, ಅಡಿಯಿಂದ ಏರಿ ಬರುವ ಉಪ್ಪುನೀರನ್ನು ಬೇಸಿಗೆ ಪೂರ್ತಿ ತಡೆದು ಹಿಡಿಯುತ್ತದೆ. ಈ ಕೆಲಸಕ್ಕೆ ಗದ್ದೆ ಬಿಲ್ಲು ಕಳಿಸುವುದಿಲ್ಲ. ಹಾಗಾಗಿ ಯಾರ ಲೆಕ್ಕದಲ್ಲೂ ಅದು ಇಲ್ಲ.

ನಮ್ಮ ಹಿರಿಯರು ಬರೆಹ ಕಲಿತವರಲ್ಲ. ಹೇಳಬೇಕಾದ್ದನ್ನು ಊರಿನ ಹೆಸರಿನಲ್ಲೇ ಹೇಳಿಟ್ಟರು. ಕೋಡಿ ಎಂದರೆ ನೀರು ಉಕ್ಕಿ ಹೋಗುವ ಜಾಗ. ಕಟ್ಟಾ ಎಂದರೆ ನೀರಿಗೆ ಕಟ್ಟೆ ಕಟ್ಟಿದ ಜಾಗ. ಹೊಂಡ, ಕೊಡ್ಲು, ಹೊಳೆಗದ್ದೆ ಎಲ್ಲವೂ ಅದೇ. ಕಂದಾಯ ಇಲಾಖೆಯ ನಕ್ಷೆಗಿಂತ ಎಷ್ಟೋ ಮೊದಲು ತಯಾರಾದ ನೆರೆ ನಕ್ಷೆ ಅದು. ಹೊಸ ಹೆಸರಿಟ್ಟರೆ ನೀರಿಗೆ ವಿಳಾಸ ತಪ್ಪುತ್ತದೆ ಎಂದು ನಿಮ್ಮ ಲೇಔಟಿನವರು ನಂಬಿರಬಹುದು.

ನೀವು ಜಾಗ ಕೊಳ್ಳಲು ಕರ್ನಾಟಕವನ್ನೇ ಆರಿಸಿದ್ದು ಜಾಣತನ. ಬಡಗಲಿನ ಗೋವಾದಲ್ಲೂ ಇದೇ ಗಜನಿ ಇದೆ, ಅವರು ಖಾಜನ್ ಎನ್ನುತ್ತಾರೆ. ಕರಾವಳಿ ನಿಯಂತ್ರಣದ 2011ರ ಅಧಿಸೂಚನೆಯಲ್ಲಿ ಅದನ್ನು ಹೆಸರು ಹಿಡಿದು ಬರೆದು, ಅಲ್ಲಿ ಯಾವ ಅಭಿವೃದ್ಧಿಯೂ ಕೂಡದು ಎಂದರು. ತೆಂಕಲಿನ ಕೇರಳದಲ್ಲಿ ಪೊಕ್ಕಾಳಿ ಇದೆ, ಅದೂ ಕಗ್ಗದ ನೆಂಟ. ಅಲ್ಲಿನವರು 2008ರಲ್ಲಿ ಗದ್ದೆ ಮತ್ತು ಜೌಗುಭೂಮಿ ಉಳಿಸಲೆಂದೇ ಕಾಯ್ದೆ ಮಾಡಿಕೊಂಡು ಕೂತಿದ್ದಾರೆ. ನಡುವೆ ಇರುವ ನಮಗೆ ಅಂಥದ್ದೊಂದು ಕಾಯ್ದೆ ಇಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಬೇಸಾಯೇತರ ಭೂಮಿ, ಅಂದರೆ ಎನ್‌ಎ ಮಾಡಿಸಿಕೊಂಡರಾಯಿತು. ಗದ್ದೆ ಗದ್ದೆಯಲ್ಲ ಎಂದು ಸಾಹೇಬರು ಬರೆದುಕೊಡುತ್ತಾರೆ. ಕಪ್ಪೆಗಳಿಗೆ ಆದೇಶದ ಪ್ರತಿ ಹೋಗುವುದಿಲ್ಲ, ಅವು ಎಂದಿನಂತೆ ಬರುತ್ತವೆ.

ಇನ್ನು ನಿಮ್ಮ ಮನೆಯ ಪಂಚಾಂಗ, ಅಂದರೆ ತಳಪಾಯ. ಸೈಟು 30-40, ಅಂದರೆ 1200 ಚದರಡಿ. ರಸ್ತೆಯ ಮಟ್ಟಕ್ಕೆ ಬರಲು 5 ಅಡಿ ತುಂಬಬೇಕು. 6000 ಘನ ಅಡಿ, 60 ಬ್ರಾಸ್ ಮಣ್ಣು. 42 ಸೈಟಿಗೆ, ರಸ್ತೆ ಬಿಟ್ಟು, 2520 ಬ್ರಾಸ್. ನಿಮ್ಮೊಂದು ಸೈಟು ತುಂಬಿದಾಗ ಸುಮಾರು 1 ಲಕ್ಷ 70 ಸಾವಿರ ಲೀಟರ್ ನೀರು ಕೂರುತ್ತಿದ್ದ ಪಾತ್ರೆ ಮುಚ್ಚಿಹೋಯಿತು. ಎದ್ದ ನೀರು ಹಳ್ಳದ ಆಚೆ ಅಂಬಿಗರ ಕೇರಿಗೆ ಹೋಗಿ ಕೂರುತ್ತದೆ. ಅವರೂ ತಗ್ಗಿನಲ್ಲೇ ಇದ್ದಾರೆ, ಆದರೆ ಅವರ ತಗ್ಗಿಗೆ ಜಾಹೀರಾತಿಲ್ಲ. ನಿಮ್ಮ ಶೌಚದ ಗುಂಡಿಯನ್ನು ಎಲ್ಲಿ ತೋಡುತ್ತೀರೋ ತಿಳಿಯದು. ನಮ್ಮಲ್ಲಿ ಮಳೆಗಾಲಕ್ಕೆ ಎರಡು ಅಡಿ ಕೆರೆದರೆ ನೀರು. ಊರು ಬೆಳೆದು ಹೊಳೆಗೆ ಕೊಳಚೆ ಇಳಿದರೆ ಏನಾಗುತ್ತದೆಂದು ಕೇಳಬೇಕಿದ್ದರೆ ಭಟ್ಕಳದ ಶರಾಬಿ ಹೊಳೆಯ ದಂಡೆಯ ಮನೆಗಳವರನ್ನು ಕೇಳಿ, ಅವರು ಬಾವಿ ತೋರಿಸುತ್ತಾರೆ.

ಆ 2520 ಬ್ರಾಸ್ ಮಣ್ಣು ಆಕಾಶದಿಂದ ಬೀಳುವುದಲ್ಲವಷ್ಟೆ. ಟಿಪ್ಪರುಗಳು ಗುಡ್ಡದ ಕಡೆಯಿಂದ ಬರುತ್ತವೆ. ಲೇಔಟಿಗೆ ಎರಡು ತುದಿ, ಒಂದು ಇಲ್ಲಿ ದಿಬ್ಬ, ಇನ್ನೊಂದು ಅಲ್ಲಿ ಹೊಂಡ. ಅರ್ಜಿಯಲ್ಲಿ ಒಂದೇ ತುದಿಯ ಸರ್ವೆ ನಂಬರ್ ಇರುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ರಾತ್ರಿ ಸುರಿದ ಮಳೆಗೆ ಗುಡ್ಡ ಮನೆಯ ಮೇಲೆ ಬಂದು ಒಂದೇ ಮನೆಯ ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ ಚಹಾದಂಗಡಿ, ಲಾರಿ, ಮನುಷ್ಯರನ್ನು ಗಂಗಾವಳಿಗೆ ತಳ್ಳಿತು. ಗುಡ್ಡ ಬಿದ್ದ ರಭಸಕ್ಕೆ ಹೊಳೆ ಎದ್ದು ಎದುರು ದಡದ ಉಳುವರೆಯ ಮನೆಗಳನ್ನು ಬಡಿಯಿತು. ಉಳುವರೆಯವರು ಗುಡ್ಡ ಕಡಿದವರಲ್ಲ, ಹೆದ್ದಾರಿ ಕೇಳಿದವರೂ ಅಲ್ಲ. ಅವರು ಎದುರು ದಡದಲ್ಲಿದ್ದರು, ಅಷ್ಟೆ. ಈ ವಿಷಯದಲ್ಲಿ ನನಗೆ ತಮಾಷೆ ಬರುವುದಿಲ್ಲ, ಮುಂದಕ್ಕೆ ಹೋಗುತ್ತೇನೆ.

ನಮ್ಮ ವಿರೋಧಿ ಬಳಗವನ್ನೂ ನಿಮಗೆ ಪರಿಚಯಿಸಬೇಕು. ಮೊದಲ ಸಭೆ ದೇವಸ್ಥಾನದ ಚಂದ್ರಶಾಲೆಯಲ್ಲಿ ನಡೆಯಿತು. ಬಹಳ ಬಿಸಿಯಾಗಿ ಮಾತಾಡಿದವರು ಇಬ್ಬರು. ಒಬ್ಬರು ಬೆಂಗಳೂರಿನಿಂದ ಫೋನಿನಲ್ಲಿ, ಸ್ಪೀಕರ್ ಹಾಕಿಸಿಕೊಂಡು. ಕೆರೆಯೊಂದನ್ನು ತುಂಬಿ ಕಟ್ಟಿದ ಬಡಾವಣೆಯ ನಾಲ್ಕನೇ ಮಾಳಿಗೆಯಲ್ಲಿ ಅವರ ಫ್ಲ್ಯಾಟು. ಊರು ಇದ್ದ ಹಾಗೇ ಇರಬೇಕು, ತಾವು ಮೇ ತಿಂಗಳಲ್ಲಿ ಬಂದಾಗ ಮಕ್ಕಳಿಗೆ ತೋರಿಸಬೇಕು ಎಂದು ಗದ್ಗದರಾದರು. ಇನ್ನೊಬ್ಬರದು ಎರಡು ಟಿಪ್ಪರ್ ಇದೆ. ಅವರ ಆಕ್ಷೇಪ ಮಣ್ಣಿನ ಗುತ್ತಿಗೆ ಹೊರಗಿನವರಿಗೆ ಹೋದದ್ದರ ಮೇಲೆ. ದೂರದಲ್ಲಿದ್ದು ಊರನ್ನು ಪ್ರೀತಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಕತೆಗಾರ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತೇ ತಮ್ಮ ಹನೇಹಳ್ಳಿಯನ್ನು ಕಟ್ಟಿದರು. ಆದರೆ ಅವರು ಒಂದು ಬುಟ್ಟಿ ಮಣ್ಣು ತುಂಬಿಸಿರಲಿಲ್ಲ.

ಅರ್ಜಿಯಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳರು ಹೇಳಿದ್ದನ್ನು ದಪ್ಪಕ್ಷರದಲ್ಲಿ ಸೇರಿಸಿದ್ದೇವೆ. ಹನ್ನೆರಡು ವರ್ಷದ ಹಿಂದೆ ಇದೇ ಚಂದ್ರಶಾಲೆಯಲ್ಲಿ ಕೂತು, 2011ರ ಗಾಡ್ಗೀಳ್ ವರದಿ ಬಂದರೆ ಮನೆಗೆ ಹಂಚು ಹೊದೆಸಲೂ ಬಿಡುವುದಿಲ್ಲವಂತೆ ಎಂದು ನಾವೇ ಕೂಗಿದ್ದೆವು. 2013ರ ಕಸ್ತೂರಿರಂಗನ್ ವರದಿಗೂ ಅದೇ ಧಿಕ್ಕಾರ. ಎರಡನ್ನೂ ಓದಿದವರು ನಮ್ಮಲ್ಲಿ ಇರಲಿಲ್ಲ. ಓದದೆ ವಿರೋಧಿಸಿದ್ದರಿಂದ ಈಗ ಓದದೆ ಉಲ್ಲೇಖಿಸುವುದು ಕಷ್ಟವಾಗಲಿಲ್ಲ. ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ಬೇಡವೆಂದು ತೀರ್ಮಾನಿಸಿದ್ದು 2024ರ ಸೆಪ್ಟೆಂಬರಿನಲ್ಲಿ. ಶಿರೂರಿನ ಹೊಳೆಯಲ್ಲಿ ಆಗ ಇನ್ನೂ ಹುಡುಕಾಟ ಮುಗಿದಿರಲಿಲ್ಲ.

ಮನೆಯೇ ಬೇಡವೆಂದು ಹೇಳುವವರು ನಾವು ಎಂದುಕೊಳ್ಳಬೇಡಿ. ಗುಡ್ಡದ ಬುಡದಲ್ಲಿ ಒಂದು ಕೊಪ್ಪವಿದೆ. ಅಜ್ಜನ ಕಾಲದಿಂದ ಇದ್ದಾರೆ. ಸೋಗೆ ಹೋಗಿ ಹಂಚು ಬಂತು, ಚಿಮಣಿ ಹೋಗಿ ಕರೆಂಟು ಬಂತು, ಕಾಗದ ಮಾತ್ರ ಬರಲಿಲ್ಲ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅದು ಅತಿಕ್ರಮಣ. 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದಕ್ಕೆ ಸಾಕ್ಷ್ಯ ತರಬೇಕು. ಮೂರು ತಲೆಮಾರಿನ ಹಿಂದೆ ಆ ಕೊಪ್ಪದಲ್ಲಿ ಅಕ್ಷರ ಬಲ್ಲವರಿರಲಿಲ್ಲ, ಕಾಗದವನ್ನು ಒರಲೆ ತಿನ್ನದ ಹಾಗೆ ಇಡಲು ಪೆಟ್ಟಿಗೆಯೂ ಇರಲಿಲ್ಲ. ಆ ಕೇರಿಯಲ್ಲಿ ಮನೆ ಇದೆ, ಕಾಗದವಿಲ್ಲ. ನಿಮ್ಮ 27ರಲ್ಲಿ ಕಾಗದವಿದೆ, ಪಂಚಾಯಿತಿಯ ಫಾರ್ಮ್ 9 ಇದೆ, ಫಾರ್ಮ್ 11 ಇದೆ, ಮನೆ ಇಲ್ಲ. ಎರಡನ್ನೂ ಅದಲು ಬದಲು ಮಾಡಿದರೆ ಎಲ್ಲರಿಗೂ ಸರಿಹೋಗುತ್ತಿತ್ತೇನೋ ಎಂದು ಒಂದು ದಿನ ಗ್ರಾಮ ಪಂಚಾಯಿತಿ ಕಚೇರಿಯ ಕಟ್ಟೆಯ ಮೇಲೆ ಕೂತವನಿಗೆ ಅನ್ನಿಸಿತು. ಹೇಳಲಿಲ್ಲ. ಮಾಸ್ತರಿಕೆ ಮಾಡಿ ನಿವೃತ್ತರಾದವರ ಮಾತಿಗೆ ಅಲ್ಲಿ ಎಂಥ ಬೆಲೆ ಎಂದು ಗೊತ್ತಿದೆ.

ಒಂದು ಮಾತನ್ನು ಇಷ್ಟು ಹೊತ್ತು ತಡೆದಿಟ್ಟಿದ್ದೇನೆ. ಸೈಟ್ ನಂಬರ್ 25, 26, 27, 28 ಇರುವ ಜಾಗ ನಮ್ಮದಾಗಿತ್ತು. ತಕರಾರು ಅರ್ಜಿಯಲ್ಲಿರುವ ನನ್ನ ಸಹಿಯನ್ನು ಖರೀದಿ ಪತ್ರದಲ್ಲಿರುವ ನನ್ನ ಸಹಿಯ ಜೊತೆ ಇಟ್ಟು ನೋಡಿದರೆ ಎರಡೂ ತಾಳೆಯಾಗುತ್ತವೆ.

ನನ್ನ ಅಪ್ಪ ಗೇಣಿ ಒಕ್ಕಲು. ದಿನಕರ ದೇಸಾಯಿಯವರ ರೈತ ಚಳವಳಿಯ ಕತೆ ಕೇಳಿ ಬೆಳೆದವನು. ಆ ಚಳವಳಿಗಾಗಿ ಬ್ರಿಟಿಷರು ದೇಸಾಯಿಯವರನ್ನು ಜಿಲ್ಲೆಯಿಂದಲೇ ಹೊರಹಾಕಿದ್ದರು. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಅಪ್ಪ ಫಾರ್ಮ್ ನಂಬರ್ 7 ತುಂಬಿಸಿ, ಭೂ ನ್ಯಾಯಮಂಡಳಿಯ ಮುಂದೆ ಕೈ ಕಟ್ಟಿ ನಿಂತು ಗದ್ದೆ ಪಡೆದ. 15 ವರ್ಷ ಮಾರಕೂಡದು ಎಂದು ಕಾಯ್ದೆಯಲ್ಲಿತ್ತು. ಅಪ್ಪ ಸಾಯುವ ತನಕ ಮಾರಲಿಲ್ಲ. ಉಳುವವನೇ ಹೊಲದೊಡೆಯ ಎಂದರು, ಉಳುವವ ಒಡೆಯನಾದ. ಒಡೆಯನ ಮಗ ಶಾಲೆ ಕಲಿತು ಮಾಸ್ತರನಾದ. ಮಾಸ್ತರನ ಮಗ ಈಗ ದುಬೈಯಲ್ಲಿ ಇನ್ನೊಬ್ಬರ ಕಟ್ಟಡದ ಲೆಕ್ಕ ಬರೆಯುತ್ತಾನೆ.

ಮಾರಿದ್ದಕ್ಕೆ ಕಾರಣ ಕೇಳಿದರೆ ಉದ್ದ ಪಟ್ಟಿ ಕೊಡಬಲ್ಲೆ. 1990ರ ದಶಕದಲ್ಲಿ ಸಿಗಡಿ ಕೃಷಿಯ ಹುಚ್ಚು ಬಂತು. ಹೊರಗಿನ ಗುತ್ತಿಗೆದಾರರು ಗಜನಿ ಕೇಳಿದರು, ಕೊಟ್ಟೆವು. ಕಗ್ಗ ನಿಂತಿತು. ಆಮೇಲೆ ಸಿಗಡಿಗೆ ರೋಗ ಬಂತು, 1996ರ ಡಿಸೆಂಬರಿನಲ್ಲಿ ಸಿಗಡಿ ಹೊಂಡಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪೂ ಬಂತು. ಗುತ್ತಿಗೆದಾರರು ಹೋದರು, ಒಡೆದ ಕಟ್ಟೆ ನಮಗೆ ಉಳಿಯಿತು. ಗಜನಿ ಒಬ್ಬ ಮಾಡುವ ಬೇಸಾಯವಲ್ಲ. ಕಟ್ಟೆ ಊರಿನದು, ಬಾಗಿಲು ಊರಿನದು, ಒಬ್ಬ ಕೈಬಿಟ್ಟರೆ ಎಲ್ಲರ ಗದ್ದೆಗೂ ಉಪ್ಪು. ಆಳು ಸಿಗುವುದಿಲ್ಲ, ಕಗ್ಗದ ಕೆಂಪಕ್ಕಿಯ ಗಂಜಿ ಮೊಮ್ಮಕ್ಕಳಿಗೆ ಸೇರುವುದಿಲ್ಲ, ಕಾಡುಹಂದಿಗೆ ಮಾತ್ರ ಸೇರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದರು. ಬೇಸಾಯಗಾರನಲ್ಲದವನೂ ಬೇಸಾಯದ ಭೂಮಿ ಕೊಳ್ಳಬಹುದೆಂದಾಯಿತು. ಅಲ್ಲಿಯ ತನಕ ಹತ್ತು ವರ್ಷ ಕೇಳುವವರಿಲ್ಲದ ನನ್ನ ಗದ್ದೆಗೆ ಆ ವರ್ಷ ದೀಪಾವಳಿಯೊಳಗೆ ಮೂವರು ಬಂದರು. ಮೂರನೆಯವರಿಗೆ ಚಹಾ ಕೊಟ್ಟೆ.

ಇವೆಲ್ಲ ಕಾರಣಗಳೂ ನಿಜ. ರೊಕ್ಕ ಬಂದದ್ದೂ ನಿಜ. ಆ ರೊಕ್ಕದಲ್ಲಿ ಹಳೆಯ ಮನೆಗೆ ಸ್ಲ್ಯಾಬು ಹಾಕಿಸಿದೆ. ಮಹಡಿಯ ಮೇಲೆ ನಿಂತರೆ ಗದ್ದೆಬಯಲು ಪೂರ್ತಿ ಕಾಣುತ್ತದೆ. ನಿಮ್ಮ ಮನೆ ಎದ್ದರೆ ಆ ನೋಟಕ್ಕೆ ಅಡ್ಡವಾಗುತ್ತದೆ ಎಂಬ ಕೊರಗೂ ಹನ್ನೊಂದನೇ ಸಹಿಯ ಹಿಂದೆ ಸ್ವಲ್ಪ ಇದೆ. ಅರ್ಜಿಯಲ್ಲಿ ಅದನ್ನು ಬರೆದಿಲ್ಲ, ಜೀವವೈವಿಧ್ಯ ಎಂದು ಬರೆದಿದ್ದೇವೆ.

ನೀವು ಸೈಟು ನೋಡಿದ್ದು ಜನವರಿಯಲ್ಲಿ ಎಂದು ಏಜೆಂಟು ಹೇಳಿದ. ನೆಲ ಒಣಗಿ ಬಿರಿದಿರುತ್ತದೆ, ಕಾರು ಕಲ್ಲಿನ ತನಕ ಹೋಗುತ್ತದೆ, ಸಂಜೆಗೆ ಕಡಲಗಾಳಿ. ನಾನೇ ಆದರೂ ಮುಂಗಡ ಕೊಟ್ಟುಬಿಡುತ್ತಿದ್ದೆ. ಇನ್ನೊಮ್ಮೆ ಆಷಾಢದ ಅಮಾವಾಸ್ಯೆಗೆ ಬನ್ನಿ. ಅವತ್ತು ಉಬ್ಬರ ದೊಡ್ಡದು, ಮೇಲಿನಿಂದ ಘಟ್ಟದ ನೀರು, ಕೆಳಗಿನಿಂದ ಕಡಲು, ಎರಡೂ ನಮ್ಮ ಬಯಲಲ್ಲೇ ಭೇಟಿಯಾಗುವುದು. ಹೆಂಗಸರು ಮಕ್ಕಳನ್ನೂ ಕರೆತನ್ನಿ. ನಮ್ಮಲ್ಲೇ ಉಳಿಯಿರಿ. ಸ್ಲ್ಯಾಬಿನ ಮನೆ, ನೀರು ಒಳಗೆ ಬರುವುದಿಲ್ಲ.

ತಕರಾರಿನ ವಿಚಾರಣೆ ಎರಡು ಸಲ ಮುಂದಕ್ಕೆ ಹೋಗಿದೆ. ನೀವು ಬರುವುದಾದರೆ ನಮ್ಮ ಪೈಕಿ ಯಾರೂ ನಿಮ್ಮೊಡನೆ ಜಗಳ ಕಾಯುವುದಿಲ್ಲ. ಕಚೇರಿಯ ಎದುರಿನ ಹೊಟೇಲಿನಲ್ಲಿ ಬನ್ಸ್ ಚೆನ್ನಾಗಿರುತ್ತದೆ, ಬೆಳಿಗ್ಗೆ ಹತ್ತರೊಳಗೆ ಹೋಗಬೇಕು.

ಕಡೆಯದಾಗಿ, ಹೋದ ವಾರದ ಮಳೆಗೆ ನಿಮ್ಮ ಗಡಿಕಲ್ಲು ಹಳ್ಳದ ಕಡೆಗೆ ವಾಲಿತ್ತು. ಬುಡದ ಮಣ್ಣು ಕರಗಿದೆ. ಮೊದಲು ನನ್ನದಾಗಿದ್ದ ಜಾಗ, ನೋಡಿ ಸುಮ್ಮನಿರಲಾಗಲಿಲ್ಲ, ಹೋಗಿ ನೆಟ್ಟಗೆ ನಿಲ್ಲಿಸಿ ಬಂದೆ. ಮೊನ್ನೆ ಮತ್ತೆ ವಾಲಿತು, ಮತ್ತೆ ನಿಲ್ಲಿಸಿದೆ. ಇವತ್ತು ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಕಲ್ಲಿನ ತಲೆಯಷ್ಟೇ ಕಾಣುತ್ತಿದೆ, 27ರಲ್ಲಿ 2 ಮುಳುಗಿದೆ. ಬೆಳ್ಳಕ್ಕಿ 28ಕ್ಕೆ ಹೋಗಿ ಕೂತಿದೆ.

ಇಂತು ತಮ್ಮ
ಆಗಲಿರುವ ನೆರೆಯವ, ತಕರಾರುದಾರ ನಂ. 11